ಸಾಹೇಬರು ಕೂತ ಬಾಣಂತಿ ಕೋಣೆ

ನನಗೆ ಸಾಹೇಬರೆಂದರೆ ಹೆದರಿಕೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಈ ಹೆದರಿಕೆ ನಮ್ಮ ಮನೆತನದ್ದಲ್ಲ, ನಾನು ಸ್ವಂತವಾಗಿ ಸಂಪಾದಿಸಿದ್ದು. ಜಮಖಂಡಿಯ ನಮ್ಮ ವಾಡೆಯ ಪಡಸಾಲೆಯಲ್ಲಿ ಅಜ್ಜ ಸಂಸ್ಥಾನದ ಕಾರಕೂನನಾಗಿ ಲೋಡಿಗೊರಗಿ ಕೂತು ಊರವರ ಅರ್ಜಿ ಕೇಳುತ್ತಿದ್ದನಂತೆ. ಯುದ್ಧ ಬಂದಾಗ ಅಲ್ಲೇ ರೇಶನ್ ಜೋಳದ ಚೀಲಗಳು ಬಂದು ಕೂತವು. ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಮುಂದಿನ ಅರ್ಧ ಮನೆಗೆ ಸರ್ಕಾರಿ ಕಚೇರಿ ಬಂತು, ಹಿಂದಿನ ಅರ್ಧ ನಮಗೆ ಉಳಿಯಿತು. ನನ್ನ ನೌಕರಿಯೂ ಅದೇ ಕಚೇರಿಯಲ್ಲಿ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಮುಂಬಾಗಿಲಿನಿಂದ ಒಳಗೆ ಬಂದರೆ ನಾನು ಕಾರಕೂನ. ಆದರೂ ದಿನಾ ತಡವಾಗುತ್ತಿತ್ತು.

ಪುಣೆ ಕಡೆಯ ನಮ್ಮ ಸಾಹೇಬರು ಪಡಸಾಲೆಯ ಪಕ್ಕದ ಕೋಣೆಯನ್ನು ತಾವೇ ಆರಿಸಿಕೊಂಡಿದ್ದರು. ಗಾಳಿ ಬರುವುದಿಲ್ಲ, ಕಾಗದ ಹಾರುವುದಿಲ್ಲ ಎಂದು ಅವರಿಗೆ ಖುಷಿ. ಗಾಳಿ ಬಾರದಂತೆ ಅದನ್ನು ಕಟ್ಟಿಸಿದ್ದು ಬಾಣಂತಿಯರಿಗಾಗಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ತಂಗಿ ಗಂಗಾ ಚೊಚ್ಚಲ ಹೆರಿಗೆಗೆಂದು ಮುಧೋಳದಿಂದ ಬಂದಳು. ನಮ್ಮ ಪಾಲಿಗಿದ್ದದ್ದು ಅಡಿಗೆಮನೆ ಮತ್ತು ಸೋರುವ ಒಂದು ಕೋಣೆ.

"ನಿಮ್ಮ ಸಾಹೇಬಗ ಹೇಳೋ, ನಮ್ಮ ಬಾಣಂತಿ ಕೋಣಿ ಬಿಡು ಅಂತ," ಎಂದಳು ಅವ್ವ.

"ಅವ್ವಾ, ಅದು ಈಗ ಸರಕಾರದ್ದು."

"ಯಾಕ, ಸರಕಾರ ಹಡ್ಯಾಕ ಬಂದೈತೇನು?"

ಸಾಹೇಬರು ಇವತ್ತು ಸಿಟ್ಟಿನಲ್ಲಿದ್ದಾರೆ, ನಾಳೆ ಕೇಳುತ್ತೇನೆ ಎಂದು ಹದಿನೈದು ದಿನ ದೂಡಿದೆ. ಹದಿನಾರನೆಯ ದಿನ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಚೇರಿ ಬಂದಾಗಿನಿಂದ ಮುಚ್ಚಿದ್ದ ನಡುಬಾಗಿಲು ತೆರೆದು, ನೇರ ಸಾಹೇಬರ ಮುಂದೆ ಹೋಗಿ ನಿಂತಳು.

"ಬಾಯೀ, ಇದು ಕಚೇರಿ ಅದ," ಎಂದರು ಸಾಹೇಬರು.

"ಕಚೇರಿ ನಿನ್ನೆ ಮೊನ್ನಿದ್ರಿ. ನಾಕ ತಲಿಮಾರಿನ ಮಂದಿ ಇಲ್ಲೇ ಹುಟ್ಟ್ಯಾರ. ನಿಮ್ಮ ಈ ಕಾರಕೂನನೂ ನೀವು ಟೇಬಲ್ ಇಟ್ಟ ಜಾಗಾದಾಗ ಹುಟ್ಟಿದಾಂವ. ಆವಾಗ ಇಷ್ಟ ಹೆದರಕಿ ಇರಲಿಲ್ರಿ, ಓಣಿಗೆಲ್ಲಾ ಕೇಳೂ ಹಂಗ ಚೀರಿದ್ದ!"

ಇಡೀ ಕಚೇರಿ ನನ್ನ ಕಡೆ ತಿರುಗಿತು. ನಾನು ಶಾಯಿ ದೌತಿಯೊಳಗೆ ಏನೋ ಹುಡುಕತೊಡಗಿದೆ. ಸಾಹೇಬರು ತಮ್ಮ ಟೇಬಲ್ಲನ್ನೇ ಒಂದಿಷ್ಟು ಹೊತ್ತು ಅನುಮಾನದಿಂದ ನೋಡಿ, ಅದನ್ನು ಪಡಸಾಲೆಗೆ ಎತ್ತಿಸಿದರು. ಗಂಗಾ ಅದೇ ಕೋಣೆಯಲ್ಲಿ ಹೆಣ್ಣು ಹೆತ್ತಳು. ಅವ್ವನ ಬಗ್ಗೆ ನನಗಾದ ಹೆಮ್ಮೆಗೆ ನನ್ನ ನಾಚಿಕೆಯೂ ಅಡ್ಡ ಬರಲಿಲ್ಲ.

ತಿಂಗಳೊಳಗೆ ನನಗೆ ಬೀಳಗಿಗೆ ವರ್ಗವಾಯಿತು. ಆಗಲಿ! ಹೆದರಿದ್ದು ಇಷ್ಟೇ ಸಾಕು ಎಂದು ನಿಶ್ಚಯಿಸಿಯೇ ಬಸ್ಸು ಹತ್ತಿದೆ. ಅಲ್ಲಿಯ ಕಚೇರಿಯೂ ಯಾರದೋ ಹಳೆಯ ಮನೆ. ಕುರ್ಚಿಯಲ್ಲಿ ಕೂಡುವ ಮೊದಲೇ, ಅದನ್ನು ತಪ್ಪು ಕೋಣೆಯಲ್ಲಿ ಇಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು, ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದ ಮನೆಯೊಡತಿಯ ಮುಂದೆ ಎದೆಯುಬ್ಬಿಸಿ ನಿಂತು, ಯಾರಿಗೂ ಅಂಜದೆ ಕೇಳಿದೆ: "ಅಜ್ಜೀ, ಈ ಮನ್ಯಾಗ ಬಾಣಂತಿ ಕೋಣಿ ಯಾವುದ್ರಿ?"

ಮುದುಕಿ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು.

"ಎಷ್ಟು ತಿಂಗಳಪಾ?" ಎಂದಳು.