ಮೇಷ್ಟ್ರು ಒಪ್ಪಿಸಿಹೋದ ಕಲ್ಲು

ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ಬಂದದ್ದು ಶನಿವಾರ ಬೆಳಿಗ್ಗೆ, ಮಂಜು ಇನ್ನೂ ಬೀದಿ ಬಿಟ್ಟು ಏಳದಿದ್ದ ಹೊತ್ತಿನಲ್ಲಿ. ಮೇಷ್ಟ್ರು ಕಟ್ಟಿ ಬೆಳೆಸಿದ ಭೂವಿಜ್ಞಾನಿಗಳ ಬಳಗದ ಕಾರ್ಯದರ್ಶಿ ಫೋನು ಹಿಡಿದು ಕಿಟಕಿಯ ಬಳಿ ನಿಂತಿದ್ದ. ಆ ತುದಿಯಲ್ಲಿ ಮೇಷ್ಟ್ರ ಅಕ್ಕ. ಎಂಬತ್ತನಾಲ್ಕು ವರ್ಷದ ಹಿರಿಯ ಜೀವ.

“ಬೆಳಗಿನ ಜಾವ ಹೋಗಿಬಿಟ್ಟ ಕಣಪ್ಪ, ನಿದ್ದೆಯಲ್ಲೇ. ಮಗಳು ಮಾತ್ರೆ ಕೊಡೋಣ ಅಂತ ಎಬ್ಬಿಸಿದ್ಲಂತೆ, ಏಳಲಿಲ್ಲ. ನಾಳೆ ನೀವೆಲ್ಲ ಮಗಳ ಊರಿಗೆ ಹೋಗಿಬನ್ನಿ. ಆದ್ರೆ ಇವತ್ತು ಸಂಜೆಯ ಉಪನ್ಯಾಸ ನಿಲ್ಲಿಸಬೇಡಿ. ಅವನಾಗಿದ್ರೆ ನಿಲ್ಲಿಸ್ತಿರಲಿಲ್ಲ.”

“ಆಗಲಮ್ಮ.”

“ಡ್ರಾಯರಿನಲ್ಲಿ ಒಂದು ಲಕೋಟೆ ಇಟ್ಟುಹೋಗಿದ್ದಾನೆ. ಅದನ್ನ ನಾನು ತರ್ತೀನಿ. ನೀನು ಕಲ್ಲು ತಗೊಂಡು ಬಾ.”

ಕಾರ್ಯದರ್ಶಿಯ ಕಣ್ಣಿನಿಂದ ಇಳಿಯುತ್ತಿದ್ದ ನೀರು ಅರ್ಧ ಕೆನ್ನೆಯಲ್ಲೇ ನಿಂತಿತು.

“ಕಲ್ಲಾ?”

“ಅದೇ, ನಿನ್ನ ಕೈಗೆ ಒಪ್ಪಿಸಿ ಹೋದನಲ್ಲ. ಅವನ ಕುರ್ಚಿ ಮೇಲೆ ಇಡೋಣ.”

ಆ ಕಲ್ಲು ಕಾರ್ಯದರ್ಶಿಯ ಹತ್ತಿರ ಇರಲಿಲ್ಲ.

ಇಪ್ಪತ್ತು ದಿನದ ಹಿಂದೆ ಮೇಷ್ಟ್ರು ಹೃದಯದ ಚಿಕಿತ್ಸೆಗೆಂದು ಮಗಳ ಊರಿಗೆ ಹೊರಟಾಗ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಅಂಗೈಯಲ್ಲಿಟ್ಟು, “ನಾನು ಬರೋವರೆಗೆ ನೋಡಿಕೊಳ್ಳಪ್ಪ” ಎಂದಿದ್ದರು. ಮುಷ್ಟಿಗಾತ್ರದ ಕಪ್ಪು ಕಲ್ಲು. ನಡುವೆ ದಾರ ಎಳೆದ ಹಾಗೆ ಒಂದೇ ಒಂದು ಬಿಳಿ ಗೆರೆ. ಮೇಷ್ಟ್ರು ಇಪ್ಪತ್ತೆರಡರ ಹರೆಯದಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನ, ಒಂದು ಗುಡ್ಡದ ನೆತ್ತಿಯಲ್ಲಿ ಸುತ್ತಿಗೆಯಿಂದ ಬಿಡಿಸಿಕೊಂಡದ್ದು. ಮುನ್ನೂರು ಕೋಟಿ ವರ್ಷದ್ದೆಂದು ಎಲ್ಲರೂ ಹೇಳುತ್ತಿದ್ದರು. ಮೇಷ್ಟ್ರ ಅಂಗೈಯಲ್ಲಿ ಉರುಳಿ ಉರುಳಿ ಅದು ಬೆಣ್ಣೆಯ ಹಾಗೆ ನುಣುಪಾಗಿತ್ತು.

ಕಾರ್ಯದರ್ಶಿ ಅದನ್ನು ಮನೆಯ ಕಪಾಟಿನಲ್ಲಿ ಜೋಪಾನವಾಗಿಟ್ಟ. ಭೂವಿಜ್ಞಾನಿಯ ಮನೆಯಲ್ಲಿ ಕಲ್ಲನ್ನು ಜೋಪಾನ ಮಾಡುವುದೆಂದರೆ ಸಮುದ್ರದಲ್ಲಿ ಒಂದು ಲೋಟ ನೀರನ್ನು ಜೋಪಾನ ಮಾಡಿದ ಹಾಗೆ. ಕಪಾಟಿನಲ್ಲಿ ಕಲ್ಲು, ಮಂಚದಡಿ ಕಲ್ಲು, ಬಾಗಿಲಿಗೆ ಒತ್ತುಕೊಟ್ಟ ಕಲ್ಲು, ಬೂಟಿನೊಳಗೆ ಕಲ್ಲು. ಒಂದು ದಿನ ಅವನು ಕೆಲಸದ ಮೇಲೆ ಹೊರಗೆ ಹೋಗಿದ್ದಾಗ ಹೆಂಡತಿಗೆ ಸಾಕುಸಾಕಾಯಿತು. ಮೂಲೆಮನೆಯ ದರ್ಜಿ ಅಂಗಡಿಗೆ ಹೊಸ ಮೆಟ್ಟಿಲು ಕಟ್ಟಿಸುತ್ತಿದ್ದ; ಗಾರೆಯವನಿಗೆ ಒಳಗೆ ತುಂಬಲು ಕಲ್ಲು ಸಾಲದೆ ಬಂದಿತ್ತು. ಆಕೆ ಎರಡು ಬುಟ್ಟಿ ಕೊಟ್ಟು ಕಳಿಸಿದಳು. ಕರವಸ್ತ್ರವನ್ನು ಮಾತ್ರ ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟಿದ್ದಳು.

ಹೀಗೆ ಮೇಷ್ಟ್ರ ಕಲ್ಲು ಮೂಲೆಮನೆಯ ಮೂರನೆಯ ಮೆಟ್ಟಿಲಿನ ಹೊಟ್ಟೆಯಲ್ಲಿ ಸಿಮೆಂಟು ಹೊದ್ದು ಮಲಗಿತ್ತು. ಅದು ಮತ್ತೆ ಬೆಳಕು ಕಾಣಬೇಕಾದರೆ ಭೂಕಂಪವೇ ಆಗಬೇಕಿತ್ತು.

ಹೋದ ವಾರ ಮೇಷ್ಟ್ರು ಫೋನು ಮಾಡಿದ್ದರು. “ಕಲ್ಲು ಹೇಗಿದೆಯಪ್ಪಾ?”

“ಭದ್ರವಾಗಿದೆ ಮೇಷ್ಟ್ರೇ.”

ಸುಳ್ಳೇನೂ ಅಲ್ಲ. ಅದಕ್ಕಿಂತ ಭದ್ರವಾಗಿ ಯಾವ ಕಲ್ಲೂ ಇರಲಾರದು. ಅವರು ಬಂದಮೇಲೆ ಕಾಲು ಹಿಡಿದು ಹೇಳಿಕೊಂಡರಾಯಿತು ಎಂದುಕೊಂಡಿದ್ದ. ಈಗ ಹೇಳಿಕೊಳ್ಳೋಣವೆಂದರೆ ಮೇಷ್ಟ್ರೇ ಇಲ್ಲ. ಅವನ ಎದೆಯಲ್ಲಿ ಕೂತದ್ದು ಆ ಮಾತು. ಬಳಗದವರ ಮುಂದೆ ಆಗುವ ಅವಮಾನ ಆಮೇಲಿನದು.

“ಇನ್ನೊಂದು ಕಲ್ಲು ಇಡಿ. ಯಾರಿಗೆ ಗೊತ್ತಾಗತ್ತೆ?” ಎಂದಳು ಹೆಂಡತಿ.

“ನಲವತ್ತು ಜನ ಭೂವಿಜ್ಞಾನಿಗಳು ಬರ್ತಾರೆ ಕಣೇ.”

“ನಲವತ್ತು ಜನಾನೂ ನಿಮ್ಮ ಹಾಗೇ ತಾನೆ?”

ಆ ಮಾತಿನಲ್ಲಿ ಸಮಾಧಾನವೂ ಇತ್ತು, ಪೆಟ್ಟೂ ಇತ್ತು. ಯಾವುದನ್ನು ತೆಗೆದುಕೊಳ್ಳಬೇಕೆಂದು ತಿಳಿಯದೆ ಅವನು ಚಪ್ಪಲಿ ಮೆಟ್ಟಿ ಮೂಲೆಮನೆಗೆ ನಡೆದ.

ದರ್ಜಿ ಬಾಗಿಲು ತೆಗೆಯುತ್ತಿದ್ದ. “ಮೆಟ್ಟಿಲು ಒಡೆಯೋದಾ? ನಿನ್ನೆ ತಾನೆ ಬಣ್ಣ ಹೊಡೆಸಿದೀನಿ. ಯಾಕ್ ಸಾರ್, ಒಳಗೆ ವಜ್ರ ಗಿಜ್ರ ಬಿದ್ದಿದೆಯಾ?”

“ವಜ್ರಕ್ಕಿಂತ ಹೆಚ್ಚಿನದು” ಎಂದ ಕಾರ್ಯದರ್ಶಿ.

ಹೇಳಬಾರದ ಮಾತು. ದರ್ಜಿಯ ಕಣ್ಣುಗಳು ಕೋಟಿನ ಗುಂಡಿಯಷ್ಟು ದೊಡ್ಡವಾದವು. ಅವನು ಒಳಗೆ ಹೋಗಿ ಹೊಲಿಗೆ ಯಂತ್ರವನ್ನೇ ಎತ್ತಿ ತಂದು ಮೆಟ್ಟಿಲ ಮೇಲಿಟ್ಟು, ಅದರ ಹಿಂದೆ ಕಾವಲು ಕೂತ.

ಇನ್ನು ಉಳಿದದ್ದು ಒಂದೇ ದಾರಿ. ಕಾರ್ಯದರ್ಶಿ ಊರಾಚೆಯ ರೈಲು ಹಳಿಯತ್ತ ಹೋದ.

ಮಂಜು ಹಳಿಯ ಮೇಲೆ ಇನ್ನೂ ತೂಕಡಿಸುತ್ತಿತ್ತು. ತೂಕಡಿಕೆಯ ವಿಷಯದಲ್ಲಿ ಕಾರ್ಯದರ್ಶಿಯೂ ಕಡಿಮೆಯವನಲ್ಲ. ಬಳಗದಲ್ಲಿ ಅವನ ಅಡ್ಡಹೆಸರೇ ಜೋಂಪಣ್ಣ. ಹದಿನೆಂಟು ವರ್ಷದಿಂದ ಪ್ರತಿ ತಿಂಗಳ ಉಪನ್ಯಾಸದಲ್ಲೂ, ದೀಪ ಆರಿದೊಡನೆ ಅವನ ರೆಪ್ಪೆ ಮುಚ್ಚುತ್ತಿತ್ತು. ಬತ್ತಿದ ಕಡಲುಗಳ, ಕರಗಿದ ಬೆಟ್ಟಗಳ ಮಾತು ಕೇಳುತ್ತ ಕೇಳುತ್ತ ಅವನು ಅವುಗಳೊಳಗೇ ಇಳಿದುಹೋಗುತ್ತಿದ್ದ. ಕೊನೆಗೆ ಪಕ್ಕದವರು ತಿವಿದಾಗ ಎದ್ದು ವಂದನಾರ್ಪಣೆ ಮಾಡುತ್ತಿದ್ದ. ಎರಡೇ ವಾಕ್ಯ. ಅಷ್ಟನ್ನೂ ಅಂಗೈ ಮೇಲೆ ಬರೆದುಕೊಂಡೇ ಓದುತ್ತಿದ್ದ. ಒಮ್ಮೆ ಅಧ್ಯಕ್ಷರನ್ನು ಬಿಟ್ಟು ಫ್ಯಾನಿಗೆ ಧನ್ಯವಾದ ಹೇಳಿದ್ದ.

ಮಂಜಿನಲ್ಲಿ ಬಗ್ಗಿ ಬಗ್ಗಿ ನಡೆಯುತ್ತಿದ್ದವನಿಗೆ ಹಳಿ ಕಾಯುವವನು ಎದುರಾದ.

“ಏನು ಹುಡುಕ್ತಿದ್ದೀರಿ ಸ್ವಾಮಿ?”

“ಕಲ್ಲು.”

ಹಳಿ ಕಾಯುವವನು ಈ ಕಡೆ ನೋಡಿದ. ಕಣ್ಣು ಹಾಯುವವರೆಗೂ ಜಲ್ಲಿಕಲ್ಲು. ಆ ಕಡೆ ನೋಡಿದ. ಅಲ್ಲಿಯೂ ಅದೇ.

“ಸಿಕ್ತಾ?”

“ಇಲ್ಲಪ್ಪ, ಇನ್ನೂ ಸಿಕ್ಕಿಲ್ಲ.”

ಅವನು ಹತ್ತಿರ ಬಂದು, “ಮನೇಲಿ ಯಾರಾದ್ರೂ ಇದ್ದಾರಾ ಸ್ವಾಮಿ? ಕರೆಸ್ಲಾ?” ಎಂದು ಬಹಳ ಮೆತ್ತಗೆ ಕೇಳಿದ.

ಹತ್ತೂವರೆಯ ಹೊತ್ತಿಗೆ ಕಲ್ಲು ಸಿಕ್ಕಿತು. ಕಪ್ಪು, ಮುಷ್ಟಿಗಾತ್ರ, ನಡುವೆ ಒಂದೇ ಬಿಳಿ ಗೆರೆ. ಆದರೆ ಜಲ್ಲಿಯಾದ್ದರಿಂದ ಮೂಲೆಗಳೆಲ್ಲ ಚೂಪು. ಹೊಳೆಯೊಂದು ಸಾವಿರಾರು ವರ್ಷ ಉರುಳಿಸಿ ಮಾಡುವ ಕೆಲಸಕ್ಕೆ ಕಾರ್ಯದರ್ಶಿಯ ಬಳಿ ಇದ್ದದ್ದು ಆರು ಗಂಟೆ, ಬಚ್ಚಲ ಹಿಂದಿನ ಒಗೆಯುವ ಕಲ್ಲು ಮತ್ತು ಒಂದು ಬೋಗುಣಿ ಮರಳು. ಅವನು ಉಜ್ಜಿದ. ಉಜ್ಜುತ್ತ ಉಜ್ಜುತ್ತ ಕಣ್ಣು ಮಂಪರಾಗಿ, ತಾನೇ ಹೊಳೆಯಾಗಿದ್ದೇನೆ, ತನ್ನ ದಡದಲ್ಲಿ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ ಎಂದೆಲ್ಲ ಅನ್ನಿಸತೊಡಗಿತು.

“ಜೋಂಪಣ್ಣ, ಒಳಗಿದ್ದೀಯೇನಯ್ಯ?” ಎನ್ನುತ್ತ ಬಳಗದ ನೀರಣ್ಣ ಹಿತ್ತಲಿಗೇ ಬಂದುಬಿಟ್ಟ. ಬೋರ್‌ವೆಲ್ ಕೊರೆಯಲು ಜಾಗ ತೋರಿಸುವುದು ಅವನ ವೃತ್ತಿ. ಮುಚ್ಚಿಟ್ಟದ್ದನ್ನು ಕೆದಕುವುದು ಸ್ವಭಾವ. ಕಾರ್ಯದರ್ಶಿ ಕಲ್ಲನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕಿದ.

“ಇದೇನು, ಇಂಥ ದಿನ ಬಟ್ಟೆ ಒಗೀತಾ ಇದ್ದೀಯ?”

“ದುಃಖಕ್ಕೆ” ಎಂದ ಕಾರ್ಯದರ್ಶಿ.

ನೀರಣ್ಣನ ಕಣ್ಣು ತುಂಬಿ ಬಂತು. “ಒಬ್ಬೊಬ್ಬರದು ಒಂದೊಂದು ಥರ. ನಾನು ಬೆಳಿಗ್ಗೆಯಿಂದ ತಿಂತಾನೇ ಇದ್ದೀನಿ.” ಅವನು ಒಂದೂವರೆ ಗಂಟೆ ಅಲ್ಲೇ ಕೂತು ಮೇಷ್ಟ್ರ ಗುಣಗಾನ ಮಾಡಿದ. ಕಾರ್ಯದರ್ಶಿ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದ. ಕಲ್ಲು ಅಷ್ಟು ಹೊತ್ತೂ ಸೋಪಿನಲ್ಲಿ ನೆನೆಯಿತು.

ಸಂಜೆ ಐದಕ್ಕೆ ಉಪನ್ಯಾಸದ ಕೋಣೆ ತುಂಬಿತ್ತು. ಗೋಡೆಯ ಮೇಲೆ ಮಾಸಿದ ಭೂಪಟ, ಮೂಲೆಯಲ್ಲಿ ಪ್ರೊಜೆಕ್ಟರು, ಎದುರಿಗೆ ಮೇಷ್ಟ್ರ ಖಾಲಿ ಕುರ್ಚಿ. ಕಾರ್ಯದರ್ಶಿ ಇಸ್ತ್ರಿ ಮಾಡಿದ ಕರವಸ್ತ್ರ ಹಾಸಿ ಅದರ ಮೇಲೆ ಕಲ್ಲಿಟ್ಟ. ಪಕ್ಕದಲ್ಲಿ ಅಕ್ಕ ಮಡಿಲಲ್ಲಿ ಲಕೋಟೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು.

ಆ ಬಳಗದಲ್ಲಿ ಒಂದು ಪದ್ಧತಿಯಿತ್ತು. ಉಪನ್ಯಾಸಕ್ಕೆ ಮೊದಲು ದೀಪ ಆರಿಸಿ, ಆ ದಿನದ ಕಲ್ಲನ್ನು ಕೈಯಿಂದ ಕೈಗೆ ದಾಟಿಸುವುದು. ಕಣ್ಣಿಗೆ ಅವಸರ ಹೆಚ್ಚು, ಬೆರಳಿಗೆ ತಾಳ್ಮೆಯಿದೆ ಎಂದು ಮೇಷ್ಟ್ರು ಹಾಕಿಕೊಟ್ಟದ್ದು.

ದೀಪ ಆರಿತು. ಮೊದಲು ಕೈಯೊಡ್ಡಿದವರು ಉಪಾಧ್ಯಕ್ಷರಾದ ಗಣಿ ಸಾಹೇಬರು. ಮೂವತ್ತು ವರ್ಷ ನೆಲದಡಿಯಲ್ಲಿ ದುಡಿದವರು.

“ಅಯ್ಯೋ, ಮೇಷ್ಟ್ರ ಕೈಯ ಬಿಸಿ ಇನ್ನೂ ಆರಿಲ್ಲ ನೋಡ್ರಪ್ಪ” ಎಂದರು. ಕಲ್ಲು ಅರ್ಧ ಗಂಟೆ ಕಾರ್ಯದರ್ಶಿಯ ಕೋಟಿನ ಜೇಬಿನಲ್ಲಿತ್ತು.

“ಈ ನುಣುಪು ಬೇರೆ ಯಾವ ಕಲ್ಲಿಗೂ ಬರಲ್ಲ” ಎಂದಿತು ಎರಡನೆಯ ಸಾಲಿನ ಧ್ವನಿ.

ಕಲ್ಲನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ಆ ವೃತ್ತಿಯವರ ಹಳೆಯ ಚಾಳಿ. ಕತ್ತಲಲ್ಲಿ ನೀರಣ್ಣ ನೆಕ್ಕಿದ ಸದ್ದಾಯಿತು. “ಅದೇ ರುಚಿ. ಸ್ವಲ್ಪ ಸುವಾಸನೇನೂ ಇದೆ. ಪುಣ್ಯವಂತರದ್ದು ಹಾಗೇ.”

ಕಲ್ಲು ಮೂವತ್ತೊಂಬತ್ತು ಕೈ ದಾಟಿ, ಮೂವತ್ತೊಂಬತ್ತು ನಿಟ್ಟುಸಿರು ಹೊತ್ತು, ಕೊನೆಗೆ ಕಾರ್ಯದರ್ಶಿಯ ಅಂಗೈಗೆ ಬಂದು ಕೂತಿತು. ಒಬ್ಬರೂ ಗುರುತು ಹಿಡಿಯಲಿಲ್ಲ. ಅವನು ಗೆದ್ದಿದ್ದ. ಆದರೆ ಕತ್ತಲಲ್ಲವೇ, ಅವನ ರೆಪ್ಪೆ ಮೆಲ್ಲಗೆ ಕೂಡಿಕೊಂಡಿತು. ಕೋಣೆ ಕರಗಿ ಹಳೆಯ ಕಡಲಾಯಿತು. ನೀರು ಮೆಲ್ಲಮೆಲ್ಲನೆ ಇಳಿದು, ಬೆಟ್ಟವೊಂದು ಉಸಿರೆಳೆದುಕೊಂಡು ಎದ್ದಿತು. ಅದರ ನೆತ್ತಿಯ ಮೇಲೆ, ಅದೇ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಇಪ್ಪತ್ತೆರಡರ ಹರೆಯದವರಂತೆಯೂ ಎಪ್ಪತ್ತೆಂಟರ ಮುದುಕರಂತೆಯೂ ಕಾಣುತ್ತಿದ್ದರು. ಅವನತ್ತ ಬಾಗಿ, “ಕಲ್ಲು ಹೇಗಿದೆಯಪ್ಪಾ?” ಎಂದು ಕೇಳಿದರು.

ಎರಡನೆಯ ಸಲ ಅವನಿಂದ ಸುಳ್ಳು ಹೇಳಲಾಗಲಿಲ್ಲ.

“ಮೇಷ್ಟ್ರೇ, ಇದು ಗುಡ್ಡದ ಮೇಲಿನ ಕಲ್ಲಲ್ಲ” ಎಂದು ಅವನು ಎದ್ದು ನಿಂತು ಗಟ್ಟಿಯಾಗಿ ಹೇಳಿದ. “ಇದು ರೈಲು ಹಳಿಯ ಜಲ್ಲಿಕಲ್ಲು.”

ತನ್ನ ದನಿಗೆ ತಾನೇ ಎಚ್ಚೆತ್ತ. ಯಾರೋ ದೀಪ ಹಾಕಿದರು. ಮೂವತ್ತೊಂಬತ್ತು ಮುಖಗಳು ಅವನ ಕಡೆ ತಿರುಗಿದ್ದವು.

“ತಲೆ ಕೆಟ್ಟಿದೆಯೇನಯ್ಯ?” ಎಂದರು ಗಣಿ ಸಾಹೇಬರು. “ಹೋದವರ ಕಲ್ಲಿಗೆ ಜಲ್ಲಿ ಅಂತೀಯಾ?”

“ಹೊರಗೆ ಕರ್ಕೊಂಡು ಹೋಗ್ರಪ್ಪ” ಎಂದಿತು ಇನ್ನೊಂದು ದನಿ.

“ಸ್ವಲ್ಪ ಇರಿ” ಎಂದರು ಅಕ್ಕ. ಲಕೋಟೆ ಒಡೆದು ಗಣಿ ಸಾಹೇಬರ ಕೈಗೆ ಕೊಟ್ಟರು. “ಮೊದಲು ಇದನ್ನ ಓದಿ.”

ಗಣಿ ಸಾಹೇಬರು ಕನ್ನಡಕ ಏರಿಸಿ ಓದಿದರು:

‘ಪ್ರಿಯ ಮಿತ್ರರೇ, ಬದುಕಿದ್ದಾಗ ಹೇಳುವ ಧೈರ್ಯ ಬಾರದ ಒಂದು ಮಾತಿದೆ. ನನ್ನ ಮೊದಲ ಕಲ್ಲು ಹನ್ನೆರಡು ವರ್ಷದ ಹಿಂದೆ ಸೇತುವೆಯ ಮೇಲಿಂದ ಕೈಜಾರಿ ಹೊಳೆಗೆ ಬಿತ್ತು. ನಿಮಗೆ ಮುಖ ತೋರಿಸಲಾರದೆ ರೈಲು ಹಳಿಯ ಜಲ್ಲಿಯಲ್ಲಿ ಅದರಂಥದೇ ಒಂದನ್ನು ಹುಡುಕಿ, ಉಜ್ಜಿ, ಮೇಜಿನ ಮೇಲಿಟ್ಟೆ. ಅಂದಿನಿಂದ ವರ್ಷಕ್ಕೊಮ್ಮೆ ನೀವು ಅದನ್ನು ಮುಟ್ಟಿ, ನೆಕ್ಕಿ, ಕಣ್ಣಿಗೊತ್ತಿಕೊಂಡಿರಿ. ಯಾರಾದರೂ ಒಬ್ಬರು ಇದು ಜಲ್ಲಿ ಅಂದರೆ ಸಾಕು, ಎದೆಯ ಭಾರ ಇಳಿಯುತ್ತದೆ ಎಂದು ಕಾದೆ. ಯಾರೂ ಅನ್ನಲಿಲ್ಲ. ಇದನ್ನು ಓದುವ ಮೊದಲು ಕಲ್ಲು ಇನ್ನೊಮ್ಮೆ ದಾಟಬೇಕೆಂದು ಅಕ್ಕನಿಗೆ ಹೇಳಿದ್ದೇನೆ. ಯಾರಾದರೂ ಅದನ್ನು ಗುರುತಿಸಿದ್ದರೆ ಆ ಪುಣ್ಯಾತ್ಮನೇ ನಮ್ಮಲ್ಲಿ ನಿಜವಾಗಿ ಕಲ್ಲು ನೋಡಬಲ್ಲವನು. ಮುಂದಿನ ಹನ್ನೆರಡು ತಿಂಗಳ ಉಪನ್ಯಾಸ ಅವನೇ ಕೊಡಲಿ. ಬೇಡವೆಂದರೂ ಬಿಡಬೇಡಿ.’

ಗಣಿ ಸಾಹೇಬರು ಕಾಗದ ಮಡಿಸಿ ಅಕ್ಕನ ಕೈಗೆ ಕೊಟ್ಟರು. ಆಮೇಲೆ ಬಂದು ಕಾರ್ಯದರ್ಶಿಯನ್ನು ತಬ್ಬಿಕೊಂಡರು.

“ಇಲ್ಲ ಸಾಹೇಬರೇ, ಇದು ಮೇಷ್ಟ್ರು ಇಟ್ಟ ಜಲ್ಲೀನೂ ಅಲ್ಲ. ಅದನ್ನ ನಾನು ಕಳೆದುಹಾಕಿದೆ. ಇದು ಇವತ್ತು ಬೆಳಿಗ್ಗೆ ನಾನೇ ತಂದದ್ದು. ಬಚ್ಚಲ ಹಿಂದೆ ಉಜ್ಜಿದೆ.”

“ಕೇಳಿದಿರಾ?” ಎಂದರು ಗಣಿ ಸಾಹೇಬರು, ಕಣ್ಣೊರೆಸಿಕೊಂಡು. “ಗುರುವಿನ ತಪ್ಪನ್ನ ತನ್ನ ತಲೆ ಮೇಲೆ ಹಾಕಿಕೊಳ್ತಿದ್ದಾನೆ. ಇಂಥ ಶಿಷ್ಯ ಎಲ್ಲಿ ಸಿಗ್ತಾನೆ?”

“ಹದಿನೆಂಟು ವರ್ಷ ಕಣ್ಣು ಮುಚ್ಚಿಕೊಂಡು ಕೂತಿರ್ತಿದ್ದ. ನಾವು ನಿದ್ದೆ ಅಂದುಕೊಂಡ್ವಿ. ಅದು ಧ್ಯಾನ ಕಣ್ರಯ್ಯ” ಎಂದ ನೀರಣ್ಣ.

“ನೀನು ನೆಕ್ಕಿದ್ದು ಸೋಪು, ನೀರಣ್ಣ.”

“ನೋಡ್ರಪ್ಪ, ಇಷ್ಟು ದುಃಖದಲ್ಲೂ ನಮ್ಮನ್ನ ನಗಿಸ್ತಾನೆ.”

ಮೇಷ್ಟ್ರ ಕಾಗದವೇ ಅಂದಿನ ಉಪನ್ಯಾಸವಾಯಿತು. ಎಲ್ಲರೂ ಒಬ್ಬೊಬ್ಬರಾಗಿ ಕೈ ಕುಲುಕಿ ಹೊರಟರು. ಕೊನೆಗೆ ಅಕ್ಕ ಎದ್ದು, ಕಲ್ಲನ್ನು ಎತ್ತಿ, ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ಸವರಿದರು.

“ಅವನು ಎಂಟು ದಿನ ಉಜ್ಜಿದ್ದ. ಮರಳು ತಂದುಕೊಟ್ಟವಳೇ ನಾನು. ನೀನು ಒಂದೇ ದಿನದಲ್ಲಿ ಮುಗಿಸಿದೀಯ. ಗೆರೆ ಮಾತ್ರ ಸ್ವಲ್ಪ ಓರೆ.”

ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. “ಅಮ್ಮಾ, ನಿಮಗೆ ಗೊತ್ತಾಯ್ತಲ್ಲ. ನೀವೇ ಅವರಿಗೆ ಒಂದು ಮಾತು ಹೇಳಿ.”

“ಹೇಳಿದ್ರೆ ಉಪನ್ಯಾಸ ಯಾರು ಮಾಡ್ತಾರೆ?” ಎಂದರು ಅಕ್ಕ, ಕಲ್ಲನ್ನು ಅವನ ಕೈಗೆ ವಾಪಸು ಕೊಟ್ಟು.

ಸಂಜೆಯ ಬೆಳಕು ಬೀದಿಯಲ್ಲಿ ಜೇನಿನ ಹಾಗೆ ಇಳಿಯುತ್ತಿತ್ತು. ಕಾರ್ಯದರ್ಶಿ ಮೂಲೆಮನೆಯ ಮುಂದೆ ನಿಂತ. ಒಂದೇ ತಪ್ಪು ಮಾಡಿದ ಇಬ್ಬರು. ಒಬ್ಬರು ಹನ್ನೆರಡು ವರ್ಷ ಕ್ಷಮೆ ಕೇಳಲಾರದೆ ಹೋದರು. ಇನ್ನೊಬ್ಬ ತುಂಬಿದ ಸಭೆಯಲ್ಲಿ ಕೇಳಿದರೂ ಯಾರೂ ಕೊಡಲಿಲ್ಲ. ಮೇಲೆ ಹನ್ನೆರಡು ಉಪನ್ಯಾಸ. ಅಷ್ಟನ್ನು ಬರೆದುಕೊಳ್ಳಲು ಅಂಗೈ ಸಾಲದು.

ದರ್ಜಿ ಯಂತ್ರದ ಹಿಂದೆ ಹಾಗೆಯೇ ಕೂತಿದ್ದ. “ಒಡೆಯೋಕೆ ಬಿಡಲ್ಲ ಸಾರ್. ಮೊದಲೇ ಹೇಳಿದೀನಿ.”

“ಒಡೆಯೋದು ಬೇಡಪ್ಪ. ಅಲ್ಲೇ ಇರಲಿ.”

ಅವನು ಬಗ್ಗಿ ಮೂರನೆಯ ಮೆಟ್ಟಿಲಿನ ಮೇಲೆ ಅಂಗೈಯಿಟ್ಟ. ಹಗಲಿನ ಬಿಸಿಲು ಸಿಮೆಂಟಿನಲ್ಲಿ ಇನ್ನೂ ಬೆಚ್ಚಗಿತ್ತು. ಕಣ್ಣು ಮುಚ್ಚಿದ, ಈ ಸಲ ನಿದ್ದೆಗಲ್ಲ. ದರ್ಜಿ ಒಂದು ಕ್ಷಣ ಅವನ ಮುಖ ನೋಡಿ, ಕತ್ತರಿ ಕೆಳಗಿಟ್ಟು ತಾನೂ ಕೈಮುಗಿದ.

ದೇವರೇ, ಬೆಟ್ಟಗಳನ್ನು ಎಬ್ಬಿಸಿ ಕಡಲುಗಳನ್ನು ಮಲಗಿಸುವವನೇ, ನಮ್ಮ ಮೇಷ್ಟ್ರು ಇವತ್ತು ನಿನ್ನ ಬಳಿಗೆ ಬಂದಿದ್ದಾರೆ. ಹನ್ನೆರಡು ವರ್ಷ ಹೊತ್ತ ಭಾರವನ್ನು ಅವರ ಕೈಯಿಂದ ಇಳಿಸಿಕೋ. ಹೊಳೆಯ ತಳದಲ್ಲಿರುವ ಅವರ ಕಲ್ಲಿನ ಹಾಗೆ, ಈ ಮೆಟ್ಟಿಲಿನೊಳಗಿನ ಕಲ್ಲಿನ ಹಾಗೆ, ಅವರ ಆತ್ಮ ನಿನ್ನ ಮಡಿಲಲ್ಲಿ ಶಾಂತವಾಗಿರಲಿ.