ಷಡ್ಡಕನಿಗಿಂತ ಒಂದು ಮೇಲಿನ ಸೌಂಡ್ ಕಾರ್ಡು

"ನಾನು ಬದುಕಿರೋವರೆಗೂ ಈ ಮನೆಯೊಳಗೆ ಸೌಂಡ್ ಕಾರ್ಡು ಕಾಲಿಡಲ್ಲ" ಎಂದು ಕನ್ನಡಕದಂಗಡಿಯ ಯಜಮಾನರು ಒಂದು ಭಾನುವಾರ ಸಂಜೆ ಘೋಷಿಸಿದರು. ಘೋಷಣೆಯನ್ನು ಕೇಳಲು ಅಲ್ಲಿದ್ದವಳು ಅವರ ಹೆಂಡತಿ ಒಬ್ಬಳೇ. ಅವಳು ಆಗತಾನೇ ತಂಗಿಯ ಮನೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಸೌಂಡ್ ಕಾರ್ಡು ಬೇಕು ಅಂತ ಅವಳೇನೂ ಕೇಳಿರಲಿಲ್ಲ.

ಕೇಳಿದ್ದರೆ ಯಜಮಾನರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಅಂದದ್ದು ಇಷ್ಟೇ: "ತಂಗಿ ಮನೇಲಿ ಕಂಪ್ಯೂಟರ್‌ನಲ್ಲಿ ಹಾಡು ಹಾಕಿದ್ರು ಕಣ್ರೀ. ಹಾಡೋಳು ಉಸಿರು ತಗೊಳ್ಳೋದೂ ಕೇಳ್ತಿತ್ತು. ನಮ್ಮ ಮನೇಲೂ ಅದೇ ಹಾಡಿದೆ, ಒಂದು ದಿನಾನೂ ಹಾಗೆ ಕೇಳಿಲ್ಲ ನೋಡಿ."

"ಉಸಿರು ಕೇಳೋಕೆ ತಂಗಿ ಮನೆವರೆಗೂ ಹೋಗಬೇಕಾ? ನನ್ನ ಪಕ್ಕ ಕೂತ್ಕೋ, ಪುಕ್ಕಟೆ ಕೇಳುತ್ತೆ."

"ನಿಮ್ಮದು ಉಸಿರಲ್ಲ, ಗೊರಕೆ. ಅವರು ಬೇರೆ ಸೌಂಡ್ ಕಾರ್ಡು ತಂದಿದ್ದಾರಂತೆ."

ಅವರು ಅಂದರೆ ತಂಗಿಯ ಗಂಡ, ಯಜಮಾನರ ಷಡ್ಡಕ. ಲಿಫ್ಟು ರಿಪೇರಿ ಮಾಡುವ ಮೆಕ್ಯಾನಿಕ್. ಷಡ್ಡಕನ ತಲೆಯ ಮೇಲೆ ಇನ್ನೂ ಪೂರ್ತಿ ಕೂದಲಿದೆ. ಅದನ್ನು ಯಜಮಾನರು ಹೇಗೋ ಸಹಿಸಿಕೊಂಡಿದ್ದರು. ಷಡ್ಡಕನ ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ. ಅದನ್ನೂ ಹಲ್ಲು ಕಚ್ಚಿ ಸಹಿಸಿದ್ದರು. ಈಗ ನೋಡಿದರೆ ತಮ್ಮ ಸ್ವಂತ ಹೆಂಡತಿ ಷಡ್ಡಕನ ಮನೆಯಿಂದ ಮುಖ ಅರಳಿಸಿಕೊಂಡು ಬಂದಿದ್ದಾಳೆ. ಯಜಮಾನರ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಸೌಂಡು ಅನ್ನೋದು ಕಂಪ್ಯೂಟರಿನ ಮದರ್‌ಬೋರ್ಡಲ್ಲೇ ಇರುತ್ತೆ ಕಣೆ. ಹುಟ್ಟುವಾಗಲೇ ಗಂಟಲು ಇಟ್ಕೊಂಡು ಬಂದಿರೋದಕ್ಕೆ ಮೇಲೊಂದು ಗಂಟಲು ಹೊಲಿಸ್ತಾರಾ ಯಾರಾದ್ರೂ?"

"ನನಗೇನ್ ಗೊತ್ತು. ಚೆನ್ನಾಗಿತ್ತು ಅಂದೆ, ಅಷ್ಟೆ."

ಚೆನ್ನಾಗಿತ್ತು! ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿ ತಮ್ಮ ಯಾವ ವಸ್ತುವಿಗೂ ಆ ದನಿಯಲ್ಲಿ ಆ ಮಾತು ಅಂದದ್ದು ಯಜಮಾನರ ನೆನಪಿಗೆ ಬರಲಿಲ್ಲ. ಒಮ್ಮೆ ಒಂದು ಕೊಡೆಗೆ ಅಂದಿದ್ದಳು. ಆ ಕೊಡೆ ಕೂಡ ಬಸ್ಸಿನಲ್ಲಿ ಅದಲುಬದಲಾಗಿ ಬಂದದ್ದು, ಯಾರದೋ.

ಆ ವಾರ ಅಂಗಡಿಯಲ್ಲಿ ಅವರ ಮನಸ್ಸು ಅವರ ಹತ್ತಿರ ಇರಲಿಲ್ಲ. ಒಬ್ಬ ಗಿರಾಕಿಗೆ ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿ, "ಕೊನೇ ಸಾಲು ಕೇಳಿಸ್ತಾ ಇದೆಯಾ?" ಎಂದರು. ಇನ್ನೊಬ್ಬರ ಫ್ರೇಮಿನ ಕಡ್ಡಿ ಬಗ್ಗಿಸುತ್ತಾ, ಷಡ್ಡಕನ ಸೋಫಾದಲ್ಲಿ ಕೂತು ಕಣ್ಣು ಮುಚ್ಚಿ ಹಾಡು ಕೇಳುತ್ತಿರುವ ಹೆಂಡತಿಯನ್ನು ನೆನೆದು ಕಡ್ಡಿಯನ್ನೇ ಮುರಿದರು. ಸಂಜೆ ಹೊತ್ತು ಅಂಗಡಿಗೆ ಬಂದು ಲೆನ್ಸು ಎತ್ತಿಕೊಡುವ ಹೆಂಡತಿ, "ಏನಾಗಿದೆ ನಿಮಗೆ?" ಎಂದಳು. "ಏನಿಲ್ಲ, ಗ್ಯಾಸು" ಎಂದರು ಯಜಮಾನರು.

ಬುಧವಾರ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಅಂಗಡಿಗೆ ಹೋದರು. ಸುಮ್ಮನೆ, ಒಂದು ಮೌಸ್ ನೋಡಿಕೊಂಡು ಬರೋಣ ಅಂತ.

"ಸೌಂಡ್ ಕಾರ್ಡಾ? ನಿಮಗ್ಯಾಕೆ ಸಾರ್ ಅದು?" ಅಂದ ಅಂಗಡಿಯವನು. ಮಹಾ ಪ್ರಾಮಾಣಿಕ. "ಈಗಿನ ಮದರ್‌ಬೋರ್ಡಲ್ಲಿರೋದೇ ಧಾರಾಳ ಸಾಕು. ಸ್ಪೀಕರ್‌ನಲ್ಲಿ ಗುಂಯ್ ಅಂತಿದ್ರೆ, ಇಲ್ಲ ನೀವು ಮನೇಲಿ ರೆಕಾರ್ಡಿಂಗ್ ಮಾಡೋರಾಗಿದ್ರೆ ಬೇಕು. ಸೌಂಡೇ ಸುಧಾರಿಸಬೇಕಂದ್ರೆ ಮೊದಲು ಒಳ್ಳೇ ಸ್ಪೀಕರ್ ತಗೊಳ್ಳಿ. ನಮ್ಮಲ್ಲೇ ತಗೊಂಡು ಹೋದ್ರಲ್ಲ, ಆ ಪುಟ್ಟ ಸ್ಪೀಕರ್‌ಗೆ ಎಂಥ ಕಾರ್ಡು ಹಾಕಿದ್ರೂ ವ್ಯತ್ಯಾಸ ಗೊತ್ತಾಗಲ್ಲ."

ಮೂರು ದಿನದಿಂದ ಯಜಮಾನರು ತಾವೇ ಮನೆಯಲ್ಲಿ ಸಾರುತ್ತಿದ್ದ ಸಿದ್ಧಾಂತ ಇದು. ಆದರೆ ಬೇರೆಯವರ ಬಾಯಲ್ಲಿ ಕೇಳಿದಾಗ ಅವರಿಗೆ ಮೈಯೆಲ್ಲ ಉರಿಯಿತು.

"ನನ್ನ ಷಡ್ಡಕ ಒಂದು ತಗೊಂಡು ಹೋದನಲ್ಲ. ಲಿಫ್ಟಿನವನು. ಅವನಿಗೂ ಹೀಗೇ ಹೇಳಿದ್ರಾ?"

"ಹೇಳಿದೆ. ಕೇಳಲಿಲ್ಲ. ಅಗೋ, ಅದೇ ಮಾಡೆಲ್ ತಗೊಂಡ್ರು."

"ಅದಕ್ಕಿಂತ ಒಂದು ಮೇಲಿನದು ಕೊಡಿ" ಎಂದರು ಯಜಮಾನರು. ಮೌಸ್ ಕಡೆ ತಿರುಗಿಯೂ ನೋಡಲಿಲ್ಲ.

ಕಾರ್ಡು ಕೂರಿಸಲು ಬೇರೆಯವರು ಯಾಕೆ? ಇರುವೆಯ ತಲೆಯಷ್ಟಿರುವ ಸ್ಕ್ರೂಗಳ ಜೊತೆ ದಿನವಿಡೀ ಏಗುವ ಕೈ ಅದು. ಮಾರನೇ ಬೆಳಿಗ್ಗೆ ಕನ್ನಡಕದ ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರಿನ ಪೆಟ್ಟಿಗೆಯ ಮುಂದೆ ಕೂತರು. ಪೆಟ್ಟಿಗೆಯ ಸ್ಕ್ರೂ ಅಲುಗಲಿಲ್ಲ, ಸ್ಕ್ರೂಡ್ರೈವರಿನ ಮೂತಿ ಸೊಟ್ಟಗಾಯಿತು. ಎರಡನೆಯದೂ ಸೊಟ್ಟಗಾಯಿತು. ಮೂರನೆಯ ಸಲ ಅಡುಗೆಮನೆಯ ಚಾಕುವಿನಿಂದ ಕಾರ್ಯ ಸಾಧಿಸಿದರು. ಕಾರ್ಡು ಟಕ್ ಅಂತ ತನ್ನ ಜಾಗದಲ್ಲಿ ಕೂತಿತು. ಯಜಮಾನರು ಪೆಟ್ಟಿಗೆಯನ್ನು ಮತ್ತೆ ಮೇಜಿನಡಿಯ ಇಕ್ಕಟ್ಟಿಗೆ ನೂಕಿ, ಹೊಟ್ಟೆ ಒಳಗೆಳೆದುಕೊಂಡು, ಹಿಂಬದಿಗೆ ಕೈ ತೂರಿಸಿ, ತಡಕಾಡಿ ಸ್ಪೀಕರಿನ ವೈರು ಚುಚ್ಚಿದರು. ಹಾಡು ಬಂತು.

ಆಹಾ, ಅದೇನು ಹಾಡು! ಯಜಮಾನರಿಗೆ ಹಾಡುವವಳ ಉಸಿರಷ್ಟೇ ಅಲ್ಲ, ಅವಳ ಬಳೆಯೂ ಕೇಳಿಸಿತು. ಹೆಂಡತಿಯನ್ನು ಒಗೆಯುವ ಬಟ್ಟೆಯ ಮುಂದಿನಿಂದ ಎಬ್ಬಿಸಿ ಕರೆತಂದು ಕುರ್ಚಿಯಲ್ಲಿ ಕೂರಿಸಿದರು.

"ಕೇಳು. ಈಗ ಬಂತಲ್ಲ, ಗಮನಿಸಿದ್ಯಾ? ಪಿಟೀಲಿನವನು ಕುರ್ಚಿ ಸರಿಸಿದ. ಈಗ ನೋಡು, ಎಡಗಡೆಯಿಂದ ಬರುತ್ತೆ. ಬಂತಾ? ಇಷ್ಟು ದಿನ ಇದೆಲ್ಲ ಎಲ್ಲಿತ್ತು ಹೇಳು? ಮದರ್‌ಬೋರ್ಡು ನುಂಗಿ ನೀರು ಕುಡೀತಿತ್ತು."

"ನನಗೆ ಮೊದಲಿನ ಹಾಗೇ ಇದೆ" ಎಂದಳು ಹೆಂಡತಿ.

"ಮೊದಲಿನ ಹಾಗಾ? ಇದು ಅವನದಕ್ಕಿಂತ ಒಂದು ಮೇಲಿನದು ಕಣೆ!"

"ಹಾಗಾದ್ರೆ ಚೆನ್ನಾಗಿರಬೇಕು ಬಿಡಿ" ಎಂದು ಅವಳು ಎದ್ದು ಬಟ್ಟೆಯ ಕಡೆ ಹೋದಳು. ಬೀಗರ ಮನೆಯ ಅಡುಗೆ ಹೊಗಳುವಂಥ ದನಿ ಅದು. ಯಜಮಾನರಿಗೆ ಬೇಕಾಗಿದ್ದದ್ದು ಭಾನುವಾರದ ದನಿ. ಅದನ್ನು ಅವಳ ಬಾಯಿಂದ ಹೊರಡಿಸದೆ, ಅದೂ ಷಡ್ಡಕನ ಎದುರಿಗೇ ಹೊರಡಿಸದೆ ಬಿಡುವುದಿಲ್ಲ ಎಂದು ಅವರು ನಿಶ್ಚಯಿಸಿದರು.

ಹೀಗಾಗಿ ಮುಂದಿನ ಭಾನುವಾರ ಬೆಳಿಗ್ಗೆ ಷಡ್ಡಕ ದಂಪತಿಗಳಿಗೆ ಕಾಫಿಗೆ ಕರೆ ಹೋಯಿತು. ಕಾಫಿ ಲೋಟ ಕೆಳಗಿಡುವುದಕ್ಕೂ ಮೊದಲೇ ಯಜಮಾನರು ಅಂಗಡಿಯ ಕಪ್ಪು ಪೆಟ್ಟಿಗೆ ತೆರೆದರು. ಅದರೊಳಗೆ ಕಣ್ಣು ಪರೀಕ್ಷೆಗೆ ಹಾಕುವ ದಪ್ಪ ಗುಂಡು ಫ್ರೇಮು ಇತ್ತು. ಅದರ ಎರಡೂ ಕಡೆಗೆ ಏನೂ ಕಾಣದಂಥ ಕಪ್ಪು ಬಿಲ್ಲೆ ತೂರಿಸಿ ಷಡ್ಡಕನ ಮೂಗಿನ ಮೇಲೆ ಕೂರಿಸಿದರು.

"ಇದ್ಯಾಕೆ ಅಣ್ಣ?" ಅಂದ ಷಡ್ಡಕ.

"ಕಣ್ಣು ಕಂಡರೆ ಕಿವಿ ಸೋಮಾರಿಯಾಗುತ್ತೆ. ನಮ್ಮ ಅಂಗಡಿ ಪದ್ಧತೀಲಿ ಪರೀಕ್ಷೆ ಮಾಡೋಣ. ನಿಮ್ಮ ಅತ್ತಿಗೆ ಮೇಜಿನ ಕೆಳಗೆ ಹೋಗ್ತಾಳೆ. ಈಗ ವೈರು ಇರೋದು ಹೊಸ ಕಾರ್ಡಲ್ಲಿ. ಅದನ್ನ ಕಿತ್ತು ಮದರ್‌ಬೋರ್ಡಿನ ತೂತಿಗೆ ಹಾಕಿದ್ರೆ ಹಳೇ ಸೌಂಡು. ಯಾವಾಗ ಯಾವುದು ಹಾಕ್ತಾಳೆ ಅಂತ ನಮಗೆ ಹೇಳಲ್ಲ. 'ಒಂದನೇದು, ಎರಡನೇದು' ಅಂತಾಳೆ, ಅಷ್ಟೆ. ಯಾವುದು ಚೆನ್ನಾಗಿದೆ ಅಂತ ನಾವು ಹೇಳಬೇಕು."

ಹೆಂಡತಿ ಟಾರ್ಚು ಹಿಡಿದು, ಸೆರಗು ಸಿಕ್ಕಿಸಿಕೊಂಡು ಮೇಜಿನಡಿ ತೂರಿದಳು. ಹಾಡು ಶುರುವಾಯಿತು. ಒಂದನೇದು ಆಯಿತು, ಎರಡನೇದೂ ಆಯಿತು.

"ಎರಡೂ ಒಂದೇ ಥರ ಇದೆ ಅಣ್ಣ" ಅಂದ ಷಡ್ಡಕ.

ಯಜಮಾನರ ಎದೆ ಉಬ್ಬಿತು. ಹೊರಗೆ "ಪಾಪ" ಎಂದರು. ಫ್ರೇಮು ಕಿತ್ತು ತಮ್ಮ ಮೂಗಿಗೇರಿಸಿಕೊಂಡರು. "ಈಗ ನನಗೆ ಹಾಕೇ. ಕಿವಿ ಅಂದ್ರೆ ಏನು ಅಂತ ಇವರೂ ನೋಡಲಿ."

"ಒಂದನೇದು" ಎಂಬ ದನಿ ಮೇಜಿನಡಿಯಿಂದ ಬಂತು. ಸ್ವಲ್ಪ ಹೊತ್ತು ಹಾಡು. "ಎರಡನೇದು." ಮತ್ತೆ ಸ್ವಲ್ಪ ಹೊತ್ತು ಹಾಡು.

"ಇನ್ನೇನು ಬೇಕು?" ಎಂದು ಯಜಮಾನರು ಕಪ್ಪು ಬಿಲ್ಲೆಯೊಳಗಿನಿಂದಲೇ ಗೋಡೆಯನ್ನು ಉದ್ದೇಶಿಸಿ ಭಾಷಣ ಆರಂಭಿಸಿದರು. "ಒಂದನೇದು ತಗಡು. ಹಾಡೋಳು ಡಬ್ಬದೊಳಗೆ ಕೂತಿದ್ದಾಳೆ, ಪಿಟೀಲಿಗೆ ನೆಗಡಿ. ಅದು ಮದರ್‌ಬೋರ್ಡು. ಎರಡನೇದು ಜೇನು. ಅದು ನನ್ನ ಕಾರ್ಡು. ಇದನ್ನ ಗುರುತಿಸೋಕೆ ಆಗದೇ ಇರೋರು ಇದ್ದಾರಲ್ಲ ಅನ್ನೋದೇ ನನಗೆ ಆಶ್ಚರ್ಯ. ಯಾರಿಗೂ ಬೇಜಾರಾಗಬಾರದು."

ಮೇಜಿನಡಿಯಿಂದ ಹೆಂಡತಿ ಹೊರಬಂದಳು. ತಲೆಯ ಮೇಲೆ ಜೇಡರಬಲೆ.

"ರೀ, ಅವರಿಗೂ ಅಷ್ಟೇ, ನಿಮಗೂ ಅಷ್ಟೇ, ನಾನು ವೈರು ಮುಟ್ಟೇ ಇಲ್ಲ."

"ಅಂದ್ರೆ?"

"ಅಂದ್ರೆ ಒಂದನೇದೂ ಅದೇ, ಎರಡನೇದೂ ಅದೇ. ಅಂಗಡೀಲಿ ಗಿರಾಕಿ ಬಾಯಿಗೆ ಬಂದಿದ್ದು ಹೇಳ್ತಿದ್ದಾನಾ ಅಂತ ನೋಡೋಕೆ ಒಂದೇ ಲೆನ್ಸನ್ನ ಎರಡು ಸಲ ಹಾಕಿಸ್ತೀರಲ್ಲ, ಹಾಗೆ."

ಯಜಮಾನರು ಫ್ರೇಮು ತೆಗೆಯಲಿಲ್ಲ. ಒಳಗೆ ಕತ್ತಲು ಹಿತವಾಗಿತ್ತು. "ಹೋಗಲಿ, ಎರಡು ಸಲವೂ ಕೇಳಿದ್ದು ಹೊಸ ಕಾರ್ಡು ತಾನೇ?" ಎಂದರು ಸಣ್ಣ ದನಿಯಲ್ಲಿ.

"ಅದೂ ಅಲ್ಲ. ವೈರು ಮೊದಲಿಂದ ಹಳೇ ತೂತಲ್ಲೇ ಇದೆ. ನೀವು ಕಾರ್ಡು ತಂದ ದಿನದಿಂದ ಅದಕ್ಕೆ ಚುಚ್ಚೇ ಇಲ್ಲ. ಅದರ ತೂತುಗಳ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ, ಬೇಕಾದ್ರೆ ಟಾರ್ಚ್ ತಗೊಂಡು ನೋಡಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಯಜಮಾನರು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ನಾದಿನಿ ಖಾಲಿ ಲೋಟವನ್ನು ಎತ್ತಿ ಬಹಳ ಹೊತ್ತು ಕುಡಿದಳು. ಯಜಮಾನರು ಬಿಲ್ಲೆ ತೆಗೆದು ಷಡ್ಡಕನನ್ನು ನೋಡಿದರು. ಪೂರ್ತಿ ಕೂದಲು, ಹೊಸ ಕಾರ್ಡು, ಉಸಿರು, ಎಲ್ಲ ಅವನಿಗೇ.

"ಹಾಗಾದ್ರೆ ನಿಮ್ಮದರಲ್ಲಿ ಮಾತ್ರ ಉಸಿರು ಹೇಗೆ ಕೇಳುತ್ತೆ? ಆ ಕಾರ್ಡನ್ನ ಹೇಗೆ ಕೂರಿಸಿದ್ರಿ, ನಿಜ ಹೇಳಿ" ಎಂದರು.

ಷಡ್ಡಕ ಕಾಲ್ಬೆರಳು ನೋಡಿಕೊಂಡ. "ಕೂರಿಸಿಲ್ಲ ಅಣ್ಣ. ಅದು ಡಬ್ಬದಲ್ಲೇ ಇದೆ. ನಮ್ಮ ಹಳೇ ಪೆಟ್ಟಿಗೇಲಿ ಅದಕ್ಕೆ ಜಾಗಾನೇ ಇಲ್ಲ. ಅತ್ತಿಗೆ ಕೇಳಿದ್ದೂ ಮದರ್‌ಬೋರ್ಡಿನ ಸೌಂಡೇ."

ಯಜಮಾನರ ಹೊಟ್ಟೆಕಿಚ್ಚಿಗೆ ಉರಿಯಲು ಸೌದೆಯೇ ಇಲ್ಲದಂತಾಯಿತು. ಅವರು ಹೆಂಡತಿಯ ಕಡೆ ತಿರುಗಿದರು. "ಮತ್ತೆ ನೀನು ಅಲ್ಲಿ ಕೇಳಿದೆ ಅಂದ್ಯಲ್ಲ? ಅದೇ ಹಾಡು, ಅದೂ ಮದರ್‌ಬೋರ್ಡಿನ ಸೌಂಡೇ. ಇಲ್ಲಿ ಕೇಳದೇ ಇದ್ದದ್ದು ಅಲ್ಲಿ ಹೇಗೆ ಕೇಳಿಸ್ತು?"

ಹೆಂಡತಿ ಜೇಡರಬಲೆ ಕೊಡವಿಕೊಳ್ಳುತ್ತಾ ಒಂದು ಕ್ಷಣ ಯೋಚಿಸಿದಳು.

"ಅಲ್ಲಿ ಹಾಡು ಮುಗಿಯೋವರೆಗೂ ಯಾರೂ ಮಾತಾಡಲಿಲ್ಲ ಕಣ್ರೀ" ಎಂದಳು.

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಯಜಮಾನರಿಗೆ ಹೆಚ್ಚು ನಾಟಿತು. ಎದ್ದು ಹೋಗಿ ಹಾಡನ್ನು ಮೊದಲಿನಿಂದ ಹಾಕಿದರು, ಹೆಂಡತಿಯ ಪಕ್ಕ ಬಂದು ಕೂತರು. ಪಿಟೀಲು ಬಂತು, ಸುಮ್ಮನಿದ್ದರು. ಎಡಗಡೆಯಿಂದ ಏನೋ ಬಂತು, ತುಟಿ ಕಚ್ಚಿಕೊಂಡರು. ಹೆಂಡತಿ ಕಣ್ಣು ಮುಚ್ಚಿದಳು. ಅವಳ ಮುಖ ಮೆಲ್ಲಗೆ ಅರಳತೊಡಗಿತು, ಅದೂ ತಮ್ಮ ಮನೆಯಲ್ಲಿ, ತಮ್ಮ ಪಕ್ಕದಲ್ಲಿ. ಎರಡನೇ ಚರಣಕ್ಕೆ ಮುಂಚೆ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಹಾಡುವವಳು ಉಸಿರೆಳೆದುಕೊಂಡದ್ದು ಯಜಮಾನರಿಗೆ ನಿಜವಾಗಿಯೂ ಕೇಳಿಸಿತು.

"ಕೇಳಿಸ್ತು ಕಣೆ, ಕೇಳಿಸ್ತು! ಈಗ ತಗೊಂಡಳಲ್ಲ, ಅದೇ ತಾನೇ?" ಎಂದು ಅವರು ಕುಣಿದಾಡಿಬಿಟ್ಟರು.

ಎರಡನೇ ಚರಣ ಯಾರಿಗೂ ಕೇಳಿಸಲಿಲ್ಲ.