ತೂಗುದೀಪ ಕೊಟ್ಟು ತಂದ ಪಿಸ್ತೂಲು

ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಬಹ್ರೈನಿಗೆ ಬಂದಿಳಿದಿಲ್ಲ ಎಂದು ನಾನು ನಂಬಿದ್ದ ಕಾಲವದು. ಹೂರಾದಲ್ಲಿ ನನ್ನದು ಹಳೆಯ ಫರ್ನಿಚರ್ ಅಂಗಡಿ. ಓದುಗರಿಗೊಂದು ಉಚಿತ ಸಲಹೆ: ಕೊಳ್ಳುವಾಗ ಮುಖ ಸಿಂಡರಿಸಿ, ಮಾರುವಾಗ ಸಾಮಾನು ಹೊಳೆಯಿಸಿ.

ತೈಲ ಕಂಪನಿಯ ಊರಾದ ಅವಾಲಿಯಲ್ಲಿ ನನ್ನ ಹಳೆಯ ಗಿರಾಕಿ ಬ್ರಿಟಿಷ್ ದೊರೆಯೊಬ್ಬ ನಿವೃತ್ತನಾಗಿ ಊರಿಗೆ ಹೊರಟಿದ್ದ. ಅವನ ಸೋಫಾ ನೋಡಲು ಹೋದವನಿಗೆ ಗೋಡೆಯ ಮೇಲೆ ಪಿಸ್ತೂಲು ಕಂಡಿತು. ಇನ್ನೂರು ವರ್ಷ ಹಳೆಯ, ಬ್ರಿಟಿಷ್ ಸೈನ್ಯದ ಚಕಮಕಿ ಕಲ್ಲಿನ ಪಿಸ್ತೂಲು! ಗುಂಡು ಹಾರದಂತೆ ನಳಿಗೆ ಮುಚ್ಚಲಾಗಿತ್ತು, ಕಾಗದಪತ್ರ ಸರಿಯಿತ್ತು. ಹಮದ್ ಟೌನಿನ ಪಿಂಟೋ ಅವರಿಗೆ ಇಂಥವನ್ನು ಸಂಗ್ರಹಿಸುವ ಹುಚ್ಚು. ನಾನು ಕೂಡಲೇ ಮುಖ ಸಿಂಡರಿಸಿದೆ.

“ಕಪ್ಪಾಗಿದೆ. ಕಲೆಯಿದೆ. ಗುಂಡೂ ಹಾರುವುದಿಲ್ಲ!”

ದೊರೆಗೆ ಹಣ ಬೇಡವಂತೆ. ನಮ್ಮಲ್ಲಿ ಊಟಕ್ಕೆ ಬಂದಾಗ ಅವನ ಹೆಂಡತಿ ಮೆಚ್ಚಿದ್ದ, ನಮ್ಮ ದೇವರ ಮುಂದಿನ ಹಿತ್ತಾಳೆಯ ತೂಗುದೀಪ ಕೊಟ್ಟರೆ ಸಾಕಂತೆ. ನನ್ನ ಹೆಂಡತಿ ಶಶಿಕಲಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಹೊತ್ತು. ಅಭಿಪ್ರಾಯ ಕೇಳಿ ವಿದ್ಯಾದಾನಕ್ಕೆ ಅಡ್ಡಿಪಡಿಸುವುದು ಸಭ್ಯತೆಯಲ್ಲವೆಂದು ದೀಪ ಕಳಚಿ ಕೊಟ್ಟುಬಂದೆ!

“ನನ್ನಮ್ಮ ಕೊಟ್ಟ ದೀಪ ಎಲ್ಲಿ ಮಾರಾಯ್ರೆ?” ಶಾಲೆಯಿಂದ ಬಂದವಳು ಬಾಗಿಲಲ್ಲೇ ಕೇಳಿದಳು.

“ಶುಕ್ರವಾರ ಪಿಂಟೋ ಬರ್ತಾರೆ. ಇದನ್ನು ಅವರಿಗೆ ಮಾರಿ, ದೊರೆಸಾನಿಗೆ ಒಳ್ಳೆ ರೇಟು ಕೊಟ್ಟು ದೀಪ ಬಿಡಿಸಿ ತರ್ತೇನೆ. ಅವರು ಹೊರಡುವುದು ಶನಿವಾರ.”

“ಇದು ಎಂತ ಮಾಡ್ತದೆ?”

“ಈ ಕಲ್ಲು ಉಕ್ಕಿಗೆ ಬಡಿದರೆ ಕಿಡಿ. ಕಿಡಿ ಈ ಪುಟ್ಟ ಬಟ್ಟಲಿನ ಮದ್ದಿಗೆ ಬಿದ್ದರೆ ಢಂ!” ಎಂದು ಪಿಸ್ತೂಲಿನ ಕುದುರೆ ಎಳೆದೆ. ಟಿಕ್ ಎಂದಿತು.

“ಬಾಯಿ ಮಾತ್ರ ಉಂಟು. ನಿಮ್ಮ ಹಾಗೆ!”

ಮಾರುವ ಸಾಮಾನು ಹೊಳೆಯಬೇಕಲ್ಲ? ಆಯುಧಪೂಜೆಯ ಮುನ್ನಾದಿನ ಊರಿನ ಮನೆಯ ಕತ್ತಿಗಳನ್ನೆಲ್ಲ ತಿಕ್ಕಿ ಬೆಳೆದ ಕೈ ನನ್ನದು. ಹುಣಸೆಹುಳಿ, ಬೂದಿ ತೆಗೆದುಕೊಂಡು ಕುಳಿತೆ. ಹಿತ್ತಾಳೆ ಹೊನ್ನಾಯಿತು. ಪಕ್ಕದ ಉಕ್ಕಿನ ತಗಡಿನಲ್ಲಿ ಏನೋ ಕಿರೀಟ, ಅಕ್ಷರಗಳ ಗೀಚು. ಉಪ್ಪುಕಾಗದ ಹಾಕಿ ಅದನ್ನೂ ನುಣುಪು ಮಾಡಿದೆ. ಮರಕ್ಕೆ ಎರಡು ಕೋಟು ವಾರ್ನಿಶ್. ನನ್ನ ಶ್ರದ್ಧೆಗೆ ನಾನೇ ಮಾರುಹೋದೆ!

ಪಿಂಟೋ ಬಂದವರು ಕನ್ನಡಕ ಏರಿಸಿದರು.

“ಯಾವ ನಾಟಕದ್ದು ಮಾರಾಯ್ರೆ ಇದು?”

“ಅಸಲಿ! ಇನ್ನೂರು ವರ್ಷದ್ದು!”

“ಹಾಗಾದ್ರೆ ಇಲ್ಲಿ ರಾಜನ ಕಿರೀಟದ ಮುದ್ರೆ ಇರ್ಬೇಕಿತ್ತಲ್ಲ?”

“ಇತ್ತು. ಉಜ್ಜಿ ತೆಗೆದೆ.”

ಅವರು ಕುರ್ಚಿಯಲ್ಲಿ ಕುಸಿದರು. “ನಾವು ದುಡ್ಡು ಕೊಡುವುದೇ ಆ ಮುದ್ರೆಗೆ, ಆ ಕಪ್ಪಿಗೆ! ಇನ್ನೂರು ವರ್ಷ ಸೇರಿ ಮಾಡಿದ್ದನ್ನು ನೀವು ಒಂದು ಮಧ್ಯಾಹ್ನದಲ್ಲಿ ತೊಳೆದಿರಲ್ಲ!”

ಚಹಾ ಕೂಡ ಕುಡಿಯದೆ ಎದ್ದರು.

ಶನಿವಾರ ಬೆಳಗ್ಗೆ ಅವಾಲಿಗೆ ಓಡಿದೆ. ಪಿಸ್ತೂಲು ವಾಪಸ್ ಕೊಟ್ಟಾದರೂ ದೀಪ ತರೋಣವೆಂದು. ಅದನ್ನು ಕಂಡ ದೊರೆ ಸಾವಿನ ಮನೆಗೆ ಬಂದವನಂತೆ ತಲೆ ತಗ್ಗಿಸಿದ. ದೀಪದ ಪೆಟ್ಟಿಗೆ ಹಿಂದಿನ ದಿನವೇ ಹಡಗು ಹತ್ತಿತ್ತಂತೆ.

ಶಶಿಕಲಾ ಬೈಯಲಿಲ್ಲ. ಬೈದಿದ್ದರೆ ಚೌಕಾಸಿ ಮಾಡಬಹುದಿತ್ತು! ಮುಸ್ಸಂಜೆ ಪಿಸ್ತೂಲನ್ನು ದೇವರ ಮುಂದೆ ಮಲಗಿಸಿ, ಮದ್ದಿನ ಬಟ್ಟಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಬತ್ತಿ ಇಟ್ಟು ಹಚ್ಚಿದಳು.

“ನೋಡಿ, ಈಗ ಹೊತ್ತಿತು. ಕೈ ಮುಗೀರಿ.”

ಅಂದಿನಿಂದ ದಿನವೂ ಮುಗಿಯುತ್ತಿದ್ದೇನೆ. ಯಾರಿಗಾದರೂ ಚಕಮಕಿ ಪಿಸ್ತೂಲು ಬೇಕಿದ್ದರೆ ತಿಳಿಸಿ. ಹೊಚ್ಚ ಹೊಸದರಂತಿದೆ. ಬದಲಿಗೆ ಒಂದು ತೂಗುದೀಪ ಸಾಕು, ಚೌಕಾಸಿ ಮಾಡುವುದಿಲ್ಲ!